ಕೇಳ್ದೆ ಅನ್ನಿ

ರಿಪ್ಪನ್‌ಪೇಟೆಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು 'ರಿಮೆಂಬರ್' ಎಂಬ ಒಂದೇ ಕ್ರಿಯಾಪದಕ್ಕೆ ಇಡೀ ಪೀರಿಯಡ್ ಕೊಟ್ಟಿದ್ದರು. ನೆನಪಾಗುವುದು, ನೆನಪಿಟ್ಟುಕೊಳ್ಳುವುದು ಎಲ್ಲ ಮುಗಿದ ಮೇಲೆ, 'ರಿಮೆಂಬರ್ ಮಿ ಟು ಯುವರ್ ಫಾದರ್' ಅಂದರೇನು ಎಂದು ಕೇಳಿದರು. ಉತ್ತರವನ್ನೂ ತಾವೇ ಹೇಳಿದರು.

"ಅಪ್ಪಂಗೆ ಕೇಳ್ದೆ ಅಂತ ಹೇಳು ಅಂತೀವಲ್ಲ, ಅದೇ ಕಣ್ರೋ. ಹೇಳಿ ಕಳಿಸಿದ್ದನ್ನ ತಲುಪಿಸ್ಬೇಕು," ಎಂದು ತಮ್ಮದೇ ಕಿವಿಯ ತುದಿ ಹಿಡಿದುಕೊಂಡರು.

ನಮ್ಮ ಕಡೆ ಬಸ್ ಹತ್ತುವವರಿಗೆಲ್ಲ ಈ ಮಾತು ಹೇಳುತ್ತೇವೆ. ತಲುಪಿಸುವವರು ಯಾರೂ ಇಲ್ಲ. ಎಲ್ಲರ ಕೈಗೆ ಮೊಬೈಲ್ ಬಂದ ಮೇಲೂ ಮೇಷ್ಟ್ರು ಮಾತ್ರ ತಲುಪಿಸುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತು, "ಇಂಥವರು ಕೇಳಿದ್ರು" ಎಂದು ಹೇಳಿ ಹೊರಟುಬಿಡುವರು.

ಒಮ್ಮೆ ಅವರು ಆನಂದಪುರಕ್ಕೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನನ್ನ ಅಪ್ಪ, ಬಾಯಿ ಅಭ್ಯಾಸಕ್ಕೆ, "ಅಲ್ಲಿ ನಮ್ಮಣ್ಣ ಸಿಕ್ರೆ ಕೇಳ್ದೆ ಅನ್ನಿ" ಅಂದುಬಿಟ್ಟರು. ಆಸ್ತಿ ಪಾಲಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಬಸ್ ಹೋದ ಮೇಲೆ ಅಪ್ಪನಿಗೆ ಹೊಳೆಯಿತು.

"ಥೋ! ಬೇರೆಯವರಾಗಿದ್ರೆ ಮರೀತಿದ್ರು. ಈ ಮನುಷ್ಯ ಹೇಳೇ ಬಿಡ್ತಾರೆ!"

ಮೇಷ್ಟ್ರಿಗೆ ಆ ಜಗಳ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಕುತೂಹಲ. ಮರುದಿನ ಸಂಜೆ ನಮ್ಮ ಅಂಗಳದಲ್ಲಿ ನಿಂತು, "ನಿಮ್ಮಣ್ಣಂಗೆ ಹೇಳ್ದೆ," ಅಂದರು.

ಅಪ್ಪ ನೆಲ ನೋಡುತ್ತಾ, "ಏನಂದ?" ಎಂದರು.

ಮೇಷ್ಟ್ರು ಕಿವಿಯ ತುದಿ ಹಿಡಿದುಕೊಂಡರು.

"'ಇನ್ನೊಂದ್ಸಲ ಹೇಳಿ ಮೇಷ್ಟ್ರೇ' ಅಂದ್ರು."