ಟ್ರೈಪಾಡ್ ಚಿಕ್ಕಪ್ಪ

ನಮ್ಮ ಮನೆಯ ಯಾವ ಸಮಾರಂಭಕ್ಕೂ ಚಿಕ್ಕಪ್ಪನಿಗಿಂತ ಮೊದಲು ಬಾಗಿಲಲ್ಲಿ ನುಗ್ಗುವುದು ಅವನ ಟ್ರೈಪಾಡಿನ ಮೂರು ಕಾಲು. ಕ್ಯಾಮೆರಾ ಕೊಳ್ಳಬೇಕೆಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಹಿಡಿದು ಕೂರಿಸಿಕೊಳ್ಳುತ್ತಾನೆ. "ದುಬಾರಿ ಲೆನ್ಸ್ ಹಿಂದೆ ಬೀಳ್ಬೇಡ. ಮೊದ್ಲು ಗಟ್ಟಿ ಟ್ರೈಪಾಡ್ ತಗೋ. ಗಾಳಿ ಇದ್ರೆ ಬ್ಯಾಗನ್ನ ಅದರ ನಡುವಿನ ಕೊಕ್ಕೆಗೆ ನೇತುಹಾಕು. ಬಟನ್ ಒತ್ತಿದ್ರೂ ಕ್ಯಾಮೆರಾ ಅಲ್ಲಾಡುತ್ತೆ, ಟೈಮರ್ ಇಡು. ಲೆನ್ಸನ್ನ ಅಂಗಿ ಚುಂಗಲ್ಲಿ ಒರೆಸಿದ್ಯೋ, ನನ್ನ ಹತ್ರ ಮಾತಾಡ್ಬೇಡ!" ಫೋನಿನಲ್ಲಿ ಕ್ಲಿಕ್ಕಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ನಮ್ಮನ್ನು ಸಾಲಾಗಿ ನಿಲ್ಲಿಸಿ, ಟ್ರೈಪಾಡಿನ ಕಾಲುಗಳನ್ನು ಒಂದೊಂದಾಗಿ ಬಿಗಿದು, ಟೈಮರ್ ಒತ್ತಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸೇನಾಪತಿಯ ಹಾಗೆ ಸೆಟೆದು ನಿಲ್ಲುತ್ತಾನೆ. "ಇದು ಫೋಟೋನೋ, ಕವಾಯತೋ?" ಎಂದು ಅತ್ತೆಯಂದಿರು ಮುಸಿಮುಸಿ ನಕ್ಕರೆ, "ನಗಿ, ನಗಿ, ಅದೂ ಚೆನ್ನಾಗೇ ಬರುತ್ತೆ" ಎನ್ನುತ್ತಾನೆ. ಮೊನ್ನೆ ಅಕ್ಕನ ಮಗಳು ಕಾಫಿ ಕೊಟ್ಟಾಗ, ಅವನ ಕೈಯಲ್ಲಿ ಕಪ್ ಸಾಸರಿನ ಮೇಲೆ ಕಟಕಟ ಕುಣಿದು ಅರ್ಧ ಕಾಫಿ ಚೆಲ್ಲಿತು. ಇಷ್ಟು ದಿನ ಬೆನ್ನ ಹಿಂದೆ ಅವಿತಿದ್ದದ್ದು ಈ ನಡುಕ. "ಇನ್ಮೇಲೆ ನಾವೇ ತೆಗಿತೀವಿ, ನೀನು ಆರಾಮಾಗಿ ಕೂತ್ಕೋ" ಎಂದು ಅಪ್ಪ ಮೆಲ್ಲಗೆ ಕ್ಯಾಮೆರಾಗೆ ಕೈ ಚಾಚಿದರು. ಚಿಕ್ಕಪ್ಪ ಧಡಕ್ಕನೆ ಎದ್ದ. "ಮುಟ್ಬೇಡ! ನಡುಗೋದು ನನ್ನ ಕೈ, ಟ್ರೈಪಾಡಿನ ಕಾಲಲ್ಲ. ಎಲ್ರೂ ಸಾಲಾಗಿ ನಿಂತ್ಕೊಳ್ಳಿ!" ನಿಂತೆವು. ಅವನು ಟೈಮರ್ ಒತ್ತಿದ. ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಲಿಲ್ಲ.