ನನ್ನ ಲೈನಿನ ಟೆಸ್ಟು

ಅರಬರ ನಾಡಿನ ಶುಐಬಾ ಎಣ್ಣಿ ಪ್ಲಾಂಟಿನಾಗ ನಾ ಕೂಡಿಸಿದ ಪೈಪ್ ಒಂದೂ ಸೋರಿಲ್ಲ, ಕಟ್ಕೊಂಡಿಲ್ಲ. ಆದ್ರ ವಯಸ್ಸಾದ ಮ್ಯಾಲ ನನ್ನ ಸ್ವಂತ ಲೈನೇ ಕಟ್ಕೊಂತು, ಉಚ್ಚಿ ಹನಿಹನಿ.

"ಪ್ರಾಸ್ಟೇಟ್ ಉಬ್ಬೇತಿ ಕಾಕಾ," ಅಂದ ಇಲ್ಲಿನ ದವಾಖಾನಿಯಾಗಿರೋ ನಮ್ಮ ಹುಬ್ಬಳ್ಳಿ ಕಡಿ ಡಾಕ್ಟರ್. "ಮುಂದುವರಿದ ದೇಶದಾಗ ಈಗ ಇದರಿಂದ ಸಾಯೋರು ಭಾಳ ಕಡಿಮಿ. ಆದ್ರ ನಿಮ್ಮಂಗ ಮುಚ್ಚಿಟ್ಕೊಂಡು ಕುಂತ್ರ ಕಿಡ್ನಿ ಹೋಗತಾವ."

ಉಚ್ಚಿ ಹರಿಯೋ ಜೋರು ಅಳಿಯೋ ಮಶೀನಿಗೆ ಹಚ್ಚಿದ ಫನೆಲ್‌ನಾಗ ಹೊಯ್ಯಾಕ ಹೇಳಿ, ಮಂಗಳೂರಿನ ನರ್ಸಮ್ಮ ಹೊರಗ ಹೊಂಟಳು.

"ಏ ತಂಗಿ, ನಿಂದ್ರ! ಇನ್ಸ್‌ಪೆಕ್ಟರ್ ಎದುರಿಗೆ ನಿಂತು ನೋಡದ ಲೈನ್ ನಮ್ಮ ಪ್ಲಾಂಟಿನಾಗ ಪಾಸ್ ಆಗೂದಿಲ್ಲ!"

"ಮಶೀನೇ ನೋಡ್ತದೆ ಮಾರಾಯ್ರೆ, ಯಲ್ಲಾ, ಬೇಗ ಮಾಡಿ!" ಅಂತ ಬಾಗಲಾ ಹಾಕ್ಕೊಂಡು ನಕ್ಕಳು.

ಮಶೀನಿನ ಗೆರಿ ಮ್ಯಾಲ ಏಳಲೇ ಇಲ್ಲ. ಆಪರೇಷನ್ ಆತು.

ಈಗ ನನ್ನ ಲೈನಿನ ಪ್ರೆಷರ್‌ಗೆ ಇನ್ಸ್‌ಪೆಕ್ಟರ್ ಬ್ಯಾಡ. ನಾ ಇರೋ ಅಬು ಹಲೀಫಾದ ಬಿಲ್ಡಿಂಗಿನಾಗ ಸಪ್ಪಳ ಕೇಳೋ ಗ್ವಾಡಿ ಆಚಿ ಮನಿಯವ್ರೇ ಸಾಕ್ಷಿ.