ಕಲ್ಲಿದ್ದಲಿಗೆ ನೀರು ಹಾಕುವಾಕೆ

ಬೆಳಗಿನ ಐದೂವರೆ. ಕಲ್ಲಿದ್ದಲು ಸಾಗುವ ಪಟ್ಟಿಯ ಪಕ್ಕದಲ್ಲಿ ನಿಂತ ಹೆಂಗಸೊಬ್ಬರು ಒಂದು ಹಿಡಿ ಎತ್ತಿ, ಮುಷ್ಟಿ ಬಿಗಿದು, ಮೆಲ್ಲಗೆ ಬಿಡಿಸುತ್ತಾರೆ. ಬೆರಳ ಸಂದಿಯಿಂದ ಹುಡಿ ಸುರಿದುಹೋಗುತ್ತದೆ. "ನೋಡಿ, ಉಂಡೆ ಕಟ್ತಾನೇ ಇಲ್ಲ. ಇದು ಉರಿಯಲ್ಲ, ಹಾರಿಹೋಗುತ್ತೆ," ಎನ್ನುತ್ತಾರೆ. ನೀರಿನ ಪೈಪು ಕಾಲ ಬಳಿ ಸುಮ್ಮನೆ ಬಿದ್ದಿದೆ.

ಕಾಗದದ ಕಾರ್ಖಾನೆಯೊಂದಕ್ಕೆ ಅಂಟಿಕೊಂಡ ಪುಟ್ಟ ವಿದ್ಯುತ್ ಸ್ಥಾವರ ಇದು. ಕಲ್ಲಿದ್ದಲು ಉರಿದು ನೀರು ಹಬೆಯಾಗಬೇಕು, ಹಬೆ ಟರ್ಬೈನನ್ನು ತಿರುಗಿಸಬೇಕು, ಆಮೇಲೆ ಕರೆಂಟು. ದಿನಕ್ಕೆ ನೂರು ಟನ್ ಕಲ್ಲಿದ್ದಲು, ನಾಲ್ಕು ಮೆಗಾವ್ಯಾಟ್. ಆ ನೂರು ಟನ್ನಿಗೂ ನೀರು ಚಿಮುಕಿಸಿ ಹದ ಮಾಡುವುದು ಇಪ್ಪತ್ತೆರಡು ವರ್ಷದಿಂದ ಇವರ ಕೆಲಸ. ಎಲ್ಲರ ಬಾಯಲ್ಲೂ 'ಹದದಕ್ಕ'. ಮೊದಲು ಗಂಡ ಈ ಕೆಲಸದಲ್ಲಿದ್ದರು; ಅವರ ಸೊಂಟ ಬಿದ್ದಾಗ ಪೈಪು ಇವರ ಕೈಗೆ ಬಂತು. "ಮೊದಲ ವಾರ ನೀರು ಜಾಸ್ತಿಯಾಗಿ, ಕಲ್ಲಿದ್ದಲು ಮುದ್ದೆಗಟ್ಟಿ ಬಾಯ್ಲರಿನ ಗಂಟಲೇ ಕಟ್ಟಿತ್ತು. ಅವರು ಮಲಗಿದಲ್ಲಿಂದಲೇ ಬೈದ್ರು, ಹಿಟ್ಟು ಕಲಸೋ ಕೈಗೆ ಇಷ್ಟು ತಿಳಿಯಲ್ವೇನೇ ಅಂತ."

ಹೊಸದಾಗಿ ಬಂದ ಇಂಜಿನಿಯರ್ ನಿನ್ನೆ ಆದೇಶ ಹೊರಡಿಸಿದ್ದಾರೆ: ಕಲ್ಲಿದ್ದಲಿಗೆ ನೀರು ಹಾಕಕೂಡದು, ತಿಂಗಳ ಕೊನೆಗೆ ಈ ಕೆಲಸವೇ ರದ್ದು. ಅವರ ಮಾತಿನಲ್ಲೂ ಹುರುಳಿದೆ. ಹಾಕಿದ ನೀರನ್ನು ಆವಿ ಮಾಡಲೂ ಶಾಖ ಬೇಕಲ್ಲ. ಆದರೆ ನಿನ್ನೆ ಲಾರಿಯಲ್ಲಿ ಬಂದದ್ದು ಬರೀ ಒಣ ಹುಡಿ.

ಆರು ಗಂಟೆಗೆ ಬಾಯ್ಲರ್ ಮೇಸ್ತ್ರಿ ಏದುಸಿರು ಬಿಡುತ್ತ ಓಡಿ ಬರುತ್ತಾರೆ. "ಅಕ್ಕಾ, ನಲವತ್ತೆರಡಿದ್ದ ಹಬೆ ಒತ್ತಡ ಮೂವತ್ತಾರಕ್ಕೆ ಇಳೀತು! ಮೂವತ್ನಾಲ್ಕು ಮುಟ್ಟಿದ್ರೆ ಟರ್ಬೈನ್ ನಿಂತಂಗೇ!" ಟರ್ಬೈನ್ ನಿಂತರೆ ಕಾರ್ಖಾನೆಗೂ ಕತ್ತಲೆ.

ಹಿಂದೆಯೇ ಇಂಜಿನಿಯರ್. ಹದದಕ್ಕನ ಕೈ ಪೈಪಿನತ್ತ ಹೋದದ್ದು ಕಂಡು, "ಬೆಂಕಿಗೆ ಹಾಕೋದಕ್ಕೆ ಯಾರಾದ್ರೂ ನೀರು ಹಾಕ್ತಾರೇನಮ್ಮಾ?" ಎನ್ನುತ್ತಾರೆ.

"ಚಿಮಣಿ ನೋಡಿ ಸಾರ್. ನಿಮ್ಮ ಒಣ ಕಲ್ಲಿದ್ದಲು ಉರೀದೇನೇ ಆಕಾಶಕ್ಕೆ ಹೊರಟಿದೆ. ಆಚೆ ಬೀದೀಲಿ ಬಟ್ಟೆ ಒಣಹಾಕಿರೋ ಹೆಂಗಸರು ಇನ್ನೇನು ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ."

ಮೇಸ್ತ್ರಿ ನಗು ನುಂಗುತ್ತಾರೆ. ಇಂಜಿನಿಯರ್ ತಲೆಯೆತ್ತುತ್ತಾರೆ, ಹೊಗೆ ಕಾಡಿಗೆಯಾಗಿದೆ. "ಹಾಕಿ, ಹಾಕಿ!"

ಹದದಕ್ಕ ನಲ್ಲಿ ತಿರುಗಿಸುತ್ತಾರೆ. ಅವಸರವಿಲ್ಲ, ಪೈಪಿನ ಬಾಯಿಗೆ ಹೆಬ್ಬೆರಳೊತ್ತಿ ಹನಿ ಹನಿಯಾಗಿ ಚಿಮುಕಿಸುತ್ತಾರೆ. ಒದ್ದೆ ಕಲ್ಲಿದ್ದಲು ಒಲೆ ಸೇರಿ ಹತ್ತಿಕೊಳ್ಳಲು ಹೊತ್ತು ಬೇಕು. ಮೇಸ್ತ್ರಿ ಬಾಯ್ಲರ್ ಮನೆಗೆ ಓಡುತ್ತಾರೆ. ಅಲ್ಲಿ ಒತ್ತಡದ ಮುಳ್ಳು ಮೂವತ್ತೈದಕ್ಕೆ ಇಳಿಯುತ್ತದೆ. ಅಲ್ಲೇ ನಡುಗುತ್ತದೆ. ಇದ್ದಕ್ಕಿದ್ದಂತೆ ಬಾಯ್ಲರ್ ಮನೆಯ ಕಿಟಕಿಯಿಂದ ಮೇಸ್ತ್ರಿಯ ಕೂಗು: "ಮೂವತ್ತಾರು! ಮೂವತ್ತೆಂಟು! ಅಕ್ಕಾ, ಏರ್ತಾ ಇದೆ, ಏರ್ತಾನೇ ಇದೆ!" ಏಳು ಗಂಟೆಗೆ ನಲವತ್ತೊಂದು.

ಇಂಜಿನಿಯರ್ ಆದೇಶದ ಹಾಳೆಯನ್ನು ನಾಲ್ಕು ತುಂಡು ಮಾಡುತ್ತಾರೆ. "ನಿಮಗೆ ಏನಾದ್ರೂ ಬೇಕಾ, ಹೇಳಿಮ್ಮಾ."

ಹದದಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಆ ಟರ್ಬೈನ್‌ನ ಒಂದ್ಸಲ ಕಣ್ಣಾರೆ ನೋಡ್ಬೇಕು ಸಾರ್. ಇಷ್ಟು ವರ್ಷ ಉಣಿಸಿದೀನಿ, ಮುಖಾನೇ ನೋಡಿಲ್ಲ."